ಕಾಯಬಹುದಾದ ಕಣ್ಣು, ಕಾಯಬಾರದ ಕಣ್ಣು

'ಕಣ್ಣಿಗೆ ರೆಪ್ಪೆಯಂತೆ ಸಾಕಿದೆ' ಎಂದು ಹಿರಿಯರು ಹೇಳುವುದುಂಟು. ಅಂಥ ರೆಪ್ಪೆಗೇ ಬೇನೆ ಬರುತ್ತದೆ, ಕಣ್ಣೀರು ಹರಿಯುವ ನಾಳಕ್ಕೂ ಬರುತ್ತದೆ, ಅವಕ್ಕೆಂದೇ ಬೇರೆ ಶಸ್ತ್ರಚಿಕಿತ್ಸೆ ಉಂಟು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಪರಸ್ಥಳದಲ್ಲಿ ಮಕ್ಕಳೊಂದಿಗರಾಗಿರುವ ನಾವು ಇದನ್ನು ಅರಿತಿರುವುದು ಮೇಲು. ಏಕೆಂದರೆ ನಮ್ಮದೊಂದು ವಾಡಿಕೆಯಿದೆ: 'ಬೇಸಗೆಗೆ ಹೇಗೂ ಊರಿಗೆ ಹೋಗುತ್ತೇವಲ್ಲ, ಅಜ್ಜಿಯೂ ಒಮ್ಮೆ ನೋಡಲಿ, ಅಲ್ಲಿಯೇ ತೋರಿಸಿದರಾಯಿತು!' ಕೆಲವು ಬೇನೆಗಳು ಹಾಗೆ ಕಾಯುತ್ತವೆ; ಕೆಲವು ಕಾಯುವುದಿಲ್ಲ.

ನಾನು ವೈದ್ಯನಲ್ಲ, ಗುಮಾಸ್ತ. ಯಾವ ಕಡತ ತುರ್ತಿನದು, ಯಾವುದು ನಿಧಾನದ್ದು ಎಂದು ಬೇರ್ಪಡಿಸುವುದೇ ನನ್ನ ಕಸುಬು. ಓದಿ ತಿಳಿದುದನ್ನು ಅದೇ ರೀತಿಯಲ್ಲಿ ಎರಡು ಕಟ್ಟುಗಳಾಗಿ ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯದು, ಹಸುಗೂಸಿನ ಕಣ್ಣಲ್ಲಿ ಸದಾ ನೀರು ತುಂಬಿ, ಬೆಳಗ್ಗೆ ಪಿಸುರು ಕಟ್ಟುವುದು. ರೆಪ್ಪೆಗಳ ಒಳತುದಿಯಲ್ಲಿ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳಿವೆ. ಕಣ್ಣೀರು ಅವುಗಳ ಮೂಲಕ ಒಂದು ಚೀಲಕ್ಕಿಳಿದು, ಅಲ್ಲಿಂದ ನಾಳದಲ್ಲಿ ಮೂಗಿಗೆ ಸೇರುತ್ತದೆ. ಅತ್ತಾಗ ಮೂಗು ಸೋರುವುದು ಇದರಿಂದಲೇ. ಕೆಲವು ಮಕ್ಕಳಲ್ಲಿ ನಾಳದ ಕೆಳತುದಿಯ ತೆಳುಪೊರೆ ಹುಟ್ಟುವಾಗ ತೆರೆದಿರುವುದಿಲ್ಲ. ನೂರಕ್ಕೆ ಸುಮಾರು ೯೦ ಮಕ್ಕಳಲ್ಲಿ ಅದು ವರ್ಷ ತುಂಬುವುದರೊಳಗೆ ತಾನೇ ತೆರೆದುಕೊಳ್ಳುತ್ತದೆ. ಕಣ್ಣಿನ ಒಳಮೂಲೆಯಲ್ಲಿ, ಮೂಗಿನ ಪಕ್ಕಕ್ಕೆ ಬೆರಳಿಟ್ಟು ಕೆಳಮುಖವಾಗಿ ಮೆಲ್ಲಗೆ ಒತ್ತುವ ಕ್ರಮವನ್ನು ಕ್ರಿಗ್ಲರ್ ಎಂಬ ವೈದ್ಯರು ೧೯೨೩ರಲ್ಲಿ ಬರೆದಿಟ್ಟರು. ಇಂದಿಗೂ ಅದನ್ನೇ ಹೇಳಿಕೊಡುತ್ತಾರೆ. ವೈದ್ಯರಿಂದ ಒಮ್ಮೆ ಕಲಿತು, ಉಗುರು ಕತ್ತರಿಸಿ, ಕೈ ತೊಳೆದು ಮಾಡತಕ್ಕದ್ದು. ಎದೆಹಾಲು, ಎಣ್ಣೆ, ಕಾಡಿಗೆ ಯಾವುದನ್ನೂ ಹಾಕಕೂಡದು. ವರ್ಷ ಕಳೆದರೂ ನಿಲ್ಲದಿದ್ದರೆ ಸಣ್ಣ ಸಲಾಕೆ ತೂರಿಸಿ ನಾಳ ಬಿಡಿಸುತ್ತಾರೆ. ದೊಡ್ಡವರಲ್ಲಿ ನಾಳ ಪೂರಾ ಮುಚ್ಚಿದರೆ, ಚೀಲದಿಂದ ಮೂಗಿಗೆ ಎಲುಬಿನಲ್ಲಿ ಹೊಸ ಕಿಂಡಿ ತೆಗೆಯುವ ಶಸ್ತ್ರಚಿಕಿತ್ಸೆಯಿದೆ. ಇಟಲಿಯ ಟೋಟಿ ೧೯೦೪ರಲ್ಲಿ ಇದನ್ನು ಪ್ರಕಟಿಸಿದರು. ಈಗ ಮುಖದ ಮೇಲೆ ಗಾಯವಿಲ್ಲದೆ ಮೂಗಿನೊಳಗಿಂದಲೂ ಮಾಡುತ್ತಾರೆ.

ಆದರೆ ಒಂದು ಎಚ್ಚರಿಕೆ. ನೀರಿನ ಜೊತೆಗೆ ಮಗು ಬೆಳಕಿಗೆ ಕಣ್ಣು ಬಿಡಲಾರದಿದ್ದರೆ, ಕರಿಗುಡ್ಡೆ ದೊಡ್ಡದಾಗಿ ಅಥವಾ ಮಂಜಾಗಿ ಕಂಡರೆ, ಅದು ನಾಳದ ತೊಂದರೆಯಲ್ಲ. ಕಣ್ಣಿನ ಒತ್ತಡ ಏರುವ ಗ್ಲಾಕೋಮಾ ಇರಬಹುದು. ಮೂಗಿನ ಪಕ್ಕದಲ್ಲಿ ನೀಲಿ ಅಥವಾ ಕೆಂಪು ಬಾವು, ಜ್ವರ ಇದ್ದರೂ ಅಷ್ಟೆ. ಅಂದೇ ಆಸ್ಪತ್ರೆಗೆ ಹೋಗಬೇಕು.

ಎರಡನೆಯ ಕಟ್ಟು, ಹುಟ್ಟಿನಿಂದಲೇ ಜೋತುಬಿದ್ದ ರೆಪ್ಪೆ. ರೆಪ್ಪೆಯನ್ನೆತ್ತುವ ಸ್ನಾಯು ಗರ್ಭದಲ್ಲಿ ಸರಿಯಾಗಿ ಬೆಳೆಯದಿದ್ದರೆ ಹೀಗಾಗುತ್ತದೆ. ತಾಯಿ ಗ್ರಹಣದಲ್ಲಿ ಹೊರಬಂದದ್ದರಿಂದ ಆಯಿತೆಂದು ಎಳೆಯ ಬಾಣಂತಿಯನ್ನು ನೋಯಿಸುವ ಮನೆಗಳು ಇನ್ನೂ ಇವೆ. ಅವಳ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ.

ಇಲ್ಲಿ ಅಂದಕ್ಕಿಂತ ದೃಷ್ಟಿಯ ಪ್ರಶ್ನೆ ದೊಡ್ಡದು. ನೋಡುವುದನ್ನು ಮಗುವಿನ ಮಿದುಳು ಕಲಿಯಬೇಕು. ಆ ಕಲಿಕೆ ಬಹುಮಟ್ಟಿಗೆ ಏಳೆಂಟು ವರ್ಷದೊಳಗೆ ಮುಗಿಯುತ್ತದೆ. ರೆಪ್ಪೆ ಪಾಪೆಯನ್ನು ಮುಚ್ಚಿದ್ದರೆ, ಅಥವಾ ಅದರ ಭಾರದಿಂದ ಕಣ್ಣಿನ ಆಕಾರ ಬದಲಾಗಿ ನೋಟ ಮಸುಕಾದರೆ, ಆ ಕಣ್ಣು ಕಲಿಯದೆಯೇ ಉಳಿಯುತ್ತದೆ. ಮುಂದೆ ಮದುವೆಯ ಹೊತ್ತಿಗೆ ರೆಪ್ಪೆಯನ್ನು ಎತ್ತಿ ಹೊಲಿಸಬಹುದು. ಕಳೆದುಹೋದ ನೋಟವನ್ನು ತರುವುದು ಕಷ್ಟ. ಆದ್ದರಿಂದ ಪಾಪೆ ಮುಚ್ಚಿದ್ದರೆ ಕೂಸಾಗಿರುವಾಗಲೇ ಶಸ್ತ್ರಚಿಕಿತ್ಸೆ. ಇಲ್ಲವಾದರೆ ಕಣ್ಣು ಪರೀಕ್ಷಿಸುತ್ತಾ ಬಂದು ಸಾಮಾನ್ಯವಾಗಿ ಮೂರರಿಂದ ಐದನೆಯ ವರ್ಷದಲ್ಲಿ. ಸ್ನಾಯುವಿಗೆ ಸ್ವಲ್ಪ ಶಕ್ತಿಯಿದ್ದರೆ ಅದನ್ನೇ ಮೊಟಕುಗೊಳಿಸುತ್ತಾರೆ. ಇಲ್ಲದಿದ್ದರೆ ತೊಡೆಯಿಂದ ತೆಗೆದ ಪಟ್ಟಿಯಿಂದಲೋ ಸಿಲಿಕೋನ್ ಎಳೆಯಿಂದಲೋ ರೆಪ್ಪೆಯನ್ನು ಹಣೆಯ ಸ್ನಾಯುವಿಗೆ ತೂಗುಹಾಕುತ್ತಾರೆ. ಬಳಿಕ ನಿದ್ದೆಯಲ್ಲಿ ಕಣ್ಣು ಪೂರ್ತಿ ಮುಚ್ಚದಿರಬಹುದು. ಒಣಗದಂತೆ ಮುಲಾಮು ಹಚ್ಚಬೇಕು. ಎಷ್ಟೋ ಮಕ್ಕಳಿಗೆ ಕನ್ನಡಕವೂ, ಒಳ್ಳೆಯ ಕಣ್ಣನ್ನು ದಿನಕ್ಕಿಷ್ಟು ಹೊತ್ತು ಮುಚ್ಚಿ ಸೋಮಾರಿ ಕಣ್ಣಿಗೆ ಕೆಲಸ ಕೊಡುವ ಅಭ್ಯಾಸವೂ ಬೇಕಾಗುತ್ತದೆ. ಈ ಭಾಗ ತಾಯಿತಂದೆಯರದು.

ಇದರಲ್ಲೇ ಒಂದು ಅಪರೂಪದ ಬಗೆಯುಂಟು. ಮಗು ಹಾಲು ಚೀಪುವಾಗ, ಅಗಿಯುವಾಗ, ಜೋತ ರೆಪ್ಪೆ ಥಟ್ಟನೆ ಮೇಲಕ್ಕೆ ಹಾರಿ ಇಳಿಯುತ್ತದೆ. ದವಡೆಗೆ ಹೋಗಬೇಕಾದ ನರದ ಕವಲು ರೆಪ್ಪೆಯ ಸ್ನಾಯುವಿಗೂ ಕೂಡಿಕೊಂಡಿರುವುದೇ ಕಾರಣ. ಲಂಡನ್ನಿನ ಮಾರ್ಕಸ್ ಗನ್ ೧೮೮೩ರಲ್ಲಿ ೧೫ ವರ್ಷದ ಹುಡುಗಿಯೊಬ್ಬಳಲ್ಲಿ ಕಂಡು ಇದನ್ನು ವಿವರಿಸಿದರು. ಮಗುವಿಗೆ ಗ್ರಹಚಾರವೂ ಇಲ್ಲ, ಚೇಷ್ಟೆಯೂ ಅಲ್ಲ. ನಕ್ಕು ಹಂಗಿಸದೆ ಕಣ್ಣಿನ ವೈದ್ಯರಿಗೆ ತೋರಿಸಿದರೆ ಸಾಕು.

ಮನೆಯಲ್ಲಿ ನೀವೇ ನೋಡಬಹುದಾದದ್ದು ಎರಡು. ಆಲ್ಬಂ ತೆರೆಯಿರಿ. ಪ್ರತಿಯೊಂದು ಚಿತ್ರದಲ್ಲೂ ಮಗು ಗಲ್ಲವನ್ನೆತ್ತಿ, ಹಣೆ ಸುಕ್ಕಿಸಿ ನೋಡುತ್ತಿದೆಯೆ? ಇನ್ನೊಂದು, ಆಟವಾಡಿಸುತ್ತಾ ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿರಿ. ಒಂದನ್ನು ಮುಚ್ಚಿದಾಗ ಸುಮ್ಮನಿದ್ದು, ಮತ್ತೊಂದನ್ನು ಮುಚ್ಚಿದಾಗ ರಂಪ ಮಾಡಿದರೆ, ಸುಮ್ಮನಿದ್ದಾಗ ಮುಚ್ಚಿದ್ದ ಕಣ್ಣಿನಲ್ಲಿ ನೋಟ ಕಡಿಮೆಯಿರಬಹುದು.

ದೊಡ್ಡವರ ವಿಷಯವೂ ಒಂದು ಮಾತು. ರೆಪ್ಪೆ ಇದ್ದಕ್ಕಿದ್ದಂತೆ ಬಿದ್ದು, ಒಂದು ವಸ್ತು ಎರಡಾಗಿ ಕಂಡು, ತಲೆ ಸಿಡಿಯುತ್ತಿದ್ದರೆ, ಅದು ಮಿದುಳಿನ ರಕ್ತನಾಳದ ಅಪಾಯವಾಗಿರಬಹುದು. ಒಂದು ಗಂಟೆಯೂ ತಡಮಾಡಬಾರದು.

ನಾವಿರುವ ಊರುಗಳೇನೂ ಬರಡಲ್ಲ. ದೆಹಲಿಯ ಏಮ್ಸ್‌ನಲ್ಲಿ ೧೯೬೭ರಿಂದ ಆರ್.ಪಿ. ಕೇಂದ್ರ, ಚೆನ್ನೈಯಲ್ಲಿ ೧೯೭೮ರಿಂದ ಶಂಕರ ನೇತ್ರಾಲಯ, ಹೈದರಾಬಾದಿನಲ್ಲಿ ೧೯೮೭ರಿಂದ ಎಲ್.ವಿ. ಪ್ರಸಾದ್ ಸಂಸ್ಥೆ ಇವೆ. ಮುಂಬಯಿಯ ಜೆ.ಜೆ., ಪುಣೆಯ ಸಸೂನ್ ಸರ್ಕಾರಿ ಆಸ್ಪತ್ರೆಗಳಲ್ಲೂ ನೇತ್ರ ವಿಭಾಗಗಳಿವೆ. ವಿಚಾರಿಸುವಾಗ 'ಆಕ್ಯುಲೋಪ್ಲಾಸ್ಟಿ' ಎಂಬ ಶಬ್ದ ನೆನಪಿರಲಿ. ರೆಪ್ಪೆ, ಕಣ್ಣಗೂಡು, ಕಣ್ಣೀರು ನಾಳಗಳ ಶಸ್ತ್ರಚಿಕಿತ್ಸೆಗೆ ಆ ಹೆಸರು. ಭಾಷೆ ಬಾರದೆಂಬ ಅಂಜಿಕೆಯಿದ್ದರೆ ಸಂಘದಲ್ಲಿ ಯಾರನ್ನಾದರೂ ಜೊತೆಗೆ ಕರೆಯಿರಿ. ಇಲ್ಲವೆನ್ನುವವರು ನಮ್ಮಲ್ಲಿ ಕಡಿಮೆ. ಅಜ್ಜಿ ಬೇಸಗೆಯಲ್ಲಿ ನೋಡಲಿ, ಆದರೆ ವೈದ್ಯರು ಈ ವಾರವೇ ನೋಡಲಿ.