ಅಜ್ಜನ ಬೀಡಿಯೂ ಮೊಮ್ಮಗನ ವಂಶವಾಹಿಯೂ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಯಾವ ಊರಿನ ಕಟ್ಟೆಯ ಮೇಲೆ ಧೂಮಪಾನದ ಕೇಡಿನ ಮಾತು ತೆಗೆದರೂ ಒಂದು ಉತ್ತರ ಸಿದ್ಧವಾಗಿರುತ್ತದೆ: “ನಮ್ಮಜ್ಜ ತೊಂಬತ್ತರ ತನಕ ಬೀಡಿ ಸೇದ್ಯಾನ, ಅವಗೇನಾತು?” ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ವಿಜ್ಞಾನದ ರೀತಿಯಲ್ಲ. ಅದರಲ್ಲಿ ಅರ್ಧ ಸತ್ಯವುಂಟು. ಅಪಾಯವಿರುವುದೂ ಆ ಅರ್ಧದಲ್ಲಿಯೇ.

ತಂಬಾಕಿನ ಹೊಗೆಯಲ್ಲಿ 7000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅವುಗಳಲ್ಲಿ ಸುಮಾರು 70 ಕ್ಯಾನ್ಸರ್‌ಕಾರಕಗಳು. ಬೆಂಜೊಪೈರೀನ್ ಅಂಥದೊಂದು. ವಿಚಿತ್ರವೆಂದರೆ, ಅದು ಇದ್ದ ರೂಪದಲ್ಲಿಯೇ ಡಿಎನ್‌ಎಗೆ ಬೆಸೆದುಕೊಳ್ಳುವುದಿಲ್ಲ. ಅದನ್ನು ಹೊರಹಾಕಲೆಂದು ದೇಹದ ಸಿವೈಪಿ-1ಎ1 ಮೊದಲಾದ ಕಿಣ್ವಗಳು ಮಾರ್ಪಡಿಸುವಾಗ ನಡುವೆ ಒಂದು ಉಗ್ರರೂಪ ಹುಟ್ಟುತ್ತದೆ. ಡಿಎನ್‌ಎಗೆ ಅಂಟಿಕೊಳ್ಳುವುದು ಅದು. ಜಿಎಸ್‌ಟಿಎಂ-1ರಂಥ ಬೇರೆ ಕಿಣ್ವಗಳು ಆ ಉಗ್ರರೂಪವನ್ನು ಹಿಡಿದು ಶಮನಗೊಳಿಸುತ್ತವೆ. ಅವುಗಳ ಕೈತಪ್ಪಿ ಅಂಟಿದುದನ್ನು ಕತ್ತರಿಸಿ ತೆಗೆದು ದುರಸ್ತಿ ಮಾಡುವ ಕಿಣ್ವಗಳೂ ಉಂಟು. ಈ ಮೂರು ಬಗೆಯ ಕೆಲಸಗಾರರ ಚುರುಕು ಎಲ್ಲರಲ್ಲಿಯೂ ಒಂದೇ ಸಮನಲ್ಲ. ಜಿಎಸ್‌ಟಿಎಂ-1 ವಂಶವಾಹಿಯು ಯೂರೋಪಿನ ಸುಮಾರು ಅರ್ಧದಷ್ಟು ಜನರಿಗೆ ಹುಟ್ಟಿನಿಂದಲೇ ಇಲ್ಲ. ನಮ್ಮ ದೇಶದಲ್ಲಿಯೂ ಅಂಥವರು ಅನೇಕರು. ಆದುದರಿಂದ ಸಮನಾಗಿ ಸೇದಿದ ಇಬ್ಬರ ಡಿಎನ್‌ಎಗೆ ಸಮನಾದ ಗಾಯವೇ ಆಗಬೇಕೆಂದಿಲ್ಲ. ಕಟ್ಟೆಯ ಮಾತಿನಲ್ಲಿರುವ ಸತ್ಯಾಂಶ ಇಷ್ಟೇ.

ಇನ್ನು ಉಳಿದರ್ಧವನ್ನು ವಿಚಾರಿಸೋಣ. ಮೊದಲನೆಯದಾಗಿ, ನಲವತ್ತೈದಕ್ಕೆ ತೀರಿಕೊಂಡ ಬೀಡಿಗಾರ ಕಟ್ಟೆಗೆ ಬಂದು ಸಾಕ್ಷಿ ಹೇಳಲಾರ. ಬದುಕಿದವರನ್ನು ಮಾತ್ರ ಎಣಿಸುವುದು ಲೆಕ್ಕವಲ್ಲ. ಸತ್ತವರನ್ನೂ ಸೇರಿಸಿ ಎಣಿಸಿದವರು ರಿಚರ್ಡ್ ಡಾಲ್ ಮತ್ತು ಸಂಗಡಿಗರು. 1951ರಿಂದ 50 ವರ್ಷಗಳ ಕಾಲ ಬ್ರಿಟನ್ನಿನ 34,000ಕ್ಕೂ ಹೆಚ್ಚು ವೈದ್ಯರನ್ನು ಗಮನಿಸಿ ಅವರು ಕಂಡುಕೊಂಡದ್ದು, ಬಿಡದೆ ಸೇದಿದವರ ಆಯುಷ್ಯ ಸರಾಸರಿ 10 ವರ್ಷ ಕಡಮೆ ಎಂಬುದನ್ನು.

ಎರಡನೆಯದಾಗಿ, ಅಜ್ಜನ ವಂಶವಾಹಿಗಳಲ್ಲಿ ಮೊಮ್ಮಗನಿಗೆ ಬರುವುದು ಸುಮಾರು ಕಾಲುಭಾಗ. ಆ ಕಾಲುಭಾಗ ಯಾವುದೆಂದು ಆರಿಸಿಕೊಳ್ಳುವ ಅಧಿಕಾರ ಯಾರಿಗೂ ಇಲ್ಲ. ಅಜ್ಜನನ್ನು ಕಾಯ್ದದ್ದು ಉಳಿದ ಮುಕ್ಕಾಲಿನಲ್ಲಿ ಇದ್ದಿರಬಾರದೇಕೆ?

ಮೂರನೆಯದಾಗಿ, ಅಂತರದ ಅಳತೆಯನ್ನೂ ನೋಡಬೇಕು. ಶಮನ ಮಾಡುವ ಒಂದು ಕಿಣ್ವ ಇಲ್ಲದಿದ್ದರೆ ಅಪಾಯ ಸ್ವಲ್ಪ ಏರೀತು. ಹೊಗೆಯಾದರೋ ಶ್ವಾಸಕೋಶದ ಕ್ಯಾನ್ಸರಿನ ಸಂಭವವನ್ನು ಹತ್ತು ಪಟ್ಟಿಗೂ ಮಿಗಿಲಾಗಿ ಏರಿಸುತ್ತದೆ. ದಿನಕ್ಕೊಂದು ಪ್ಯಾಕು ಸಿಗರೇಟನ್ನು ಒಂದು ವರ್ಷ ಸೇದಿದರೆ ಶ್ವಾಸಕೋಶದ ಪ್ರತಿಯೊಂದು ಜೀವಕೋಶದಲ್ಲಿಯೂ ಸರಾಸರಿ 150 ಉತ್ಪರಿವರ್ತನೆಗಳು ಕೂಡುತ್ತವೆಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಹೃದಯ, ರಕ್ತನಾಳಗಳಿಗಾಗುವ ಹಾನಿ ಈ ಲೆಕ್ಕಕ್ಕೆ ಸೇರಿಲ್ಲ. ನಮ್ಮ ನಾಡಿನಲ್ಲಿ ಸೇದುವವರಿಗಿಂತ ತಂಬಾಕು ಅಗಿಯುವವರೇ ಹೆಚ್ಚು. ಹೊಗೆಯಿಲ್ಲವೆಂದು ಅವರೂ ನಿಶ್ಚಿಂತರಾಗಿರುವಂತಿಲ್ಲ. ತಂಬಾಕಿನ ನೈಟ್ರೊಸಮೀನುಗಳು ಬಾಯಿಯ ಜೀವಕೋಶಗಳ ಡಿಎನ್‌ಎಯನ್ನು ಕೆಡಿಸುತ್ತವೆ.

ಗಂಗಾವತಿಯ ರೈತನು ಬೆಂಕಿರೋಗವನ್ನು ತಡೆಯುವ ಭತ್ತದ ತಳಿಯನ್ನು ಬಿತ್ತಿರಬಹುದು. ತಳಿ ಗಟ್ಟಿಯೆಂದು ಅವನು ರೋಗವನ್ನು ಗದ್ದೆಗೆ ಕರೆತರುವನೆ? ಅವನಿಗೆ ತನ್ನ ತಳಿಯ ಹೆಸರಾದರೂ ಗೊತ್ತು. ನಮಗೆ ನಮ್ಮ ತಳಿಯ ಗುಣವೇ ಗೊತ್ತಿಲ್ಲ. ವಂಶವಾಹಿ ಪರೀಕ್ಷೆ ಮಾಡಿಸಿ ಸೇದಲು ರಹದಾರಿ ಪಡೆಯಬಹುದೆಂಬ ಆಸೆಯೂ ವ್ಯರ್ಥ. ಅಂಥ ರಹದಾರಿ ಕೊಡಬಲ್ಲ ಪರೀಕ್ಷೆ ಯಾವುದೂ ಇಲ್ಲ.

ತಂಬಾಕು ಕೊಳ್ಳುವ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೇರಿಸುವ ಮಸೂದೆಯನ್ನು ಕರ್ನಾಟಕ ವಿಧಾನಸಭೆ 2024ರ ಫೆಬ್ರುವರಿಯಲ್ಲಿ ಅಂಗೀಕರಿಸಿತು. ಅದು ಸ್ವಾಗತಾರ್ಹ. ಆದರೆ “ಹಣೆಬರಹ” ಎಂಬ ಹಳೆಯ ಮಾತಿನ ಜಾಗದಲ್ಲಿ “ವಂಶವಾಹಿ” ಎಂಬ ಹೊಸ ಮಾತನ್ನು ಕೂರಿಸಿ ಕೈಕಟ್ಟಿ ಕುಳಿತರೆ ಯಾವ ಕಾನೂನೂ ಸಾಲದು. ಡಾಲರ ಲೆಕ್ಕದಂತೆ, ಮೂವತ್ತರ ಹೊತ್ತಿಗೆ ಬಿಟ್ಟವರು ಕಳೆದುಕೊಳ್ಳಲಿದ್ದ ಹತ್ತು ವರ್ಷಗಳನ್ನು ಹೆಚ್ಚುಕಡಮೆ ಪೂರ್ತಿಯಾಗಿಯೂ, ಅರವತ್ತರಲ್ಲಿ ಬಿಟ್ಟವರು ಸುಮಾರು ಮೂರು ವರ್ಷಗಳನ್ನೂ ಉಳಿಸಿಕೊಂಡರು. ವಂಶವಾಹಿಯನ್ನು ಬದಲಿಸುವುದು ವಿದ್ಯಾರ್ಥಿಗಳ ಕೈಯಲ್ಲಿಲ್ಲ; ಬೀಡಿಯನ್ನು ಹಚ್ಚದಿರುವುದು ಅವರ ಕೈಯಲ್ಲಿಯೇ ಇದೆ.