ಅಯಸ್ಕಾಂತಕ್ಕೆ ಮುನ್ನ ಒಂದು ಪ್ರಶ್ನೆ

2001ರಲ್ಲಿ ಚಿನ್ನದ ಗಣಿ ಮುಚ್ಚಿದ ಬೆನ್ನಲ್ಲೇ ಚಾಂಪಿಯನ್ ರೀಫ್ಸ್‌ನ ಗಣಿ ಆಸ್ಪತ್ರೆಯೂ ಬಾಗಿಲು ಹಾಕಿತು. ಅಲ್ಲಿನ ಹಲವು ಹೃದ್ರೋಗಿಗಳಿಗೆ ಪೇಸ್‌ಮೇಕರ್ ಅಳವಡಿಕೆ ಬೆಂಗಳೂರಿನಲ್ಲಾದರೆ, ಮುಂದಿನ ಶುಶ್ರೂಷೆ ಕೋಲಾರದಲ್ಲಿ. ಮಾಹಿತಿ ಕಳಚಿಕೊಳ್ಳುವುದು ಈ ನಡುದಾರಿಯಲ್ಲೇ.

ತೋಳಿನ ರಕ್ತನಾಳದಿಂದ ಹೃದಯದತ್ತ ಸಾಗಿಸುವ ಕ್ಯಾತಿಟರ್‌ನ ತುದಿಯನ್ನು ಅಯಸ್ಕಾಂತದ ನೆರವಿನಿಂದ ಪತ್ತೆಹಚ್ಚುವ ಉಪಕರಣಗಳು ಬಂದಿವೆ. ಪ್ರಬಲ ಅಯಸ್ಕಾಂತ ತೀರಾ ಸಮೀಪಿಸಿದರೆ ಪೇಸ್‌ಮೇಕರ್ ಸಾಮಾನ್ಯವಾಗಿ ಹೃದಯದ ಸ್ವಂತ ಬಡಿತವನ್ನು ಲೆಕ್ಕಿಸದೆ ನಿಗದಿತ ವೇಗದಲ್ಲಿ ಮಿಡಿಯುತ್ತದೆ. ಒಳಗಿರುವುದು ಡಿಫಿಬ್ರಿಲೇಟರ್ ಆದರೆ, ಜೀವ ಉಳಿಸಬೇಕಾದ ವಿದ್ಯುದಾಘಾತವೇ ಸ್ಥಗಿತವಾಗಬಹುದು. ಇಂಥವರಲ್ಲಿ ಇಸಿಜಿಯ ಗುರುತೂ ಸದಾ ನೆಚ್ಚತಕ್ಕದ್ದಲ್ಲ. ತುದಿಯ ಸ್ಥಾನಕ್ಕೆ ಎಕ್ಸ್‌ರೇ ಖಾತ್ರಿ ಅವಶ್ಯ.

ಹಾಗೆಂದು ಉಪಕರಣವನ್ನೇ ದೂಷಿಸುವುದು ಅವಿವೇಕ. ತಯಾರಕರು ಸೂಚಿಸಿದ ಅಂತರ ಕಾಯ್ದು, ಹೃದಯದ ಲಯವನ್ನು ಮಾನಿಟರ್‌ನಲ್ಲಿ ಗಮನಿಸಿದರೆ ಅಪಾಯ ತಗ್ಗುತ್ತದೆ. ಆದರೆ ಪೇಸ್‌ಮೇಕರ್ ಇದೆಯೆಂಬುದು ಮೊದಲು ತಿಳಿಯಬೇಕಲ್ಲ! ಸಾಧನದ ಚೀಟಿಯನ್ನು ದಾಖಲಾತಿಯ ವೇಳೆಯೇ ಕೇಳಿ ಪಡೆಯುವ ನಿಯಮವನ್ನು ಜಿಲ್ಲೆಯ ಆಸ್ಪತ್ರೆಗಳು ಕಡ್ಡಾಯಗೊಳಿಸಬೇಕು.