ಕೊಟ್ಟಿಗೆಯ ಯಂತ್ರವೂ ಕೂಲಿಯವನ ಕೈಯೂ

ತಿಪಟೂರಿನಿಂದ ತುರುವೇಕೆರೆಯ ಕಡೆಗಾಗಲಿ ಚಿಕ್ಕನಾಯಕನಹಳ್ಳಿಯ ಕಡೆಗಾಗಲಿ ಬಸ್ಸಿನಲ್ಲಿ ಹೋಗುವವರು ಕಿಟಕಿಯಾಚೆ ತೆಂಗಿನ ತೋಟಗಳನ್ನು ನೋಡಿ ಸಂತೋಷಪಡುತ್ತಾರೆ. ತೋಟದ ಅಂಚಿನಲ್ಲಿರುವ ಕೊಟ್ಟಿಗೆಗಳ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ. ಅಂಥ ಕೊಟ್ಟಿಗೆಗಳಲ್ಲಿ ನಡೆಯುತ್ತಿರುವ ಒಂದು ಕೆಲಸವನ್ನು ಕುರಿತು ನನಗೆ ತೋಚಿದ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂದಿದ್ದೇನೆ. ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಓದುವ ಬಿ.ಎ. ವಿದ್ಯಾರ್ಥಿಗೆ ಇಂಜಿನ್ನಿನ ಗೊಡವೆ ಏಕೆ ಎಂದು ಮಿತ್ರರು ಕೇಳಬಹುದು. ಅದಕ್ಕೆ ಉತ್ತರ ಲೇಖನದೊಳಗೇ ಉಂಟು.

ನಮ್ಮ ಕಡೆ ಹಳೆಯ ತೋಟಗಳಲ್ಲಿ ತೆರೆದ ಬಾವಿಗಳಿದ್ದುವು. ಬಾವಿಯ ದಡದಲ್ಲಿ ಎಣ್ಣೆ ಇಂಜಿನ್ನು ಇರುತ್ತಿತ್ತು. ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಆರಂಭವಾದದ್ದು 1946ರಲ್ಲಿ. ಅನಂತರದ ದಶಕಗಳಲ್ಲಿ ಐದು ಅಶ್ವಶಕ್ತಿಯ ಡೀಸೆಲ್ ಇಂಜಿನ್ನು ರೈತನ ಮನೆಯ ಒಂದು ಎತ್ತಿನಂತೆಯೇ ಆಯಿತು. ಆ ಎತ್ತು ಮೂಲೆ ಸೇರಿದ್ದು ಮುದಿಯಾದುದರಿಂದ ಅಲ್ಲ. ದಡದ ಮೇಲಿಟ್ಟ ಪಂಪು ನೀರನ್ನು ಎಳೆಯುತ್ತದೆಂದು ನಾವು ಹೇಳುತ್ತೇವಷ್ಟೆ. ನಿಜವಾಗಿ ನೀರನ್ನು ಮೇಲಕ್ಕೆ ನೂಕುವುದು ವಾಯುಮಂಡಲದ ಒತ್ತಡ. ಸಮುದ್ರಮಟ್ಟದ ಲೆಕ್ಕದಲ್ಲಿ ಆ ಒತ್ತಡವು 34 ಅಡಿಯ ನೀರನ್ನು ಎತ್ತಬಲ್ಲದು. ಬಳಕೆಯಲ್ಲಿ 25 ಅಡಿ ದಾಟುವುದು ಕಷ್ಟ. ಬಾವಿಯ ನೀರು ಕೆಳಗಿಳಿದಂತೆಲ್ಲ ಇಂಜಿನ್ನನ್ನೂ ಬಾವಿಯೊಳಗಿನ ಕಟ್ಟೆಗೆ ಇಳಿಸಿದರು. ಕೊನೆಗೆ ಬಾವಿಯೇ ಒಣಗಿತು, ಕೊಳವೆಬಾವಿ ಬಂತು. ನೂರಾರು ಅಡಿ ಆಳಕ್ಕೆ ಇಳಿಯುವುದು ವಿದ್ಯುತ್ತಿನ ಮುಳುಗು ಪಂಪು. ಅಲ್ಲಿ ಡೀಸೆಲ್ ಇಂಜಿನ್ನಿಗೆ ಕೆಲಸವಿಲ್ಲ. ಹೀಗೆ ಒಳ್ಳೆಯ ಇಂಜಿನ್ನುಗಳು ಗೋಣಿಚೀಲ ಹೊದ್ದು ಕೊಟ್ಟಿಗೆಯಲ್ಲಿ ಕುಳಿತುವು.

ಸುಮ್ಮನೆ ಕುಳಿತ ಇಂಜಿನ್ನನ್ನು ಕಂಡರೆ ಸಹಿಸದ ಜನ ಪ್ರತಿ ಹೋಬಳಿಯಲ್ಲೂ ಒಬ್ಬಿಬ್ಬರು ಇರುತ್ತಾರೆ. ನಮ್ಮೂರಿನಲ್ಲಿಯೂ ಒಬ್ಬರು ಇದ್ದಾರೆ. ಏಳನೆಯ ತರಗತಿಗೆ ಶಾಲೆ ಬಿಟ್ಟವರು. ಅವರು ಹಳೆಯ ಇಂಜಿನ್ನೊಂದಕ್ಕೆ ತೆಂಗಿನಕಾಯಿ ಸುಲಿಯುವ ಯಂತ್ರವನ್ನು ಜೋಡಿಸಿದರು. ಮರುವರ್ಷ ಅದೇ ಇಂಜಿನ್ನಿಗೆ ಸೌದೆ ಸೀಳುವ ಯಂತ್ರವನ್ನೂ ಹೂಡಿದರು. ಕಲ್ಯಾಣಮಂಟಪದವರೂ ಹೋಟೆಲಿನವರೂ ಹುಣಿಸೆ, ಜಾಲಿಯ ದಿಮ್ಮಿಗಳನ್ನು ತಂದು ಸೀಳಿಸಿಕೊಂಡು ಹೋಗುತ್ತಾರೆ. ಇಂಜಿನ್ನು ನಿಮಿಷಕ್ಕೆ 1500 ಸುತ್ತು ಸುತ್ತುತ್ತದೆ. ಕಾಯಿ ಸುಲಿಯಲು ಆ ವೇಗ ಬೇಡ. ಇಂಜಿನ್ನಿನ ನಾಲ್ಕಂಗುಲದ ಗಾಲಿಯಿಂದ ಇಪ್ಪತ್ತಂಗುಲದ ಗಾಲಿಗೆ ಬೆಲ್ಟು ಹಾಕಿದರೆ 1500 ಎಂಬುದು 300 ಆಗುತ್ತದೆ; ಅಲ್ಲಿಂದ ಹಲ್ಲುಚಕ್ರ, ಸರಪಳಿಯ ಮೂಲಕ ಇನ್ನೊಂದು ಇಳಿತ. ಕೊನೆಯಲ್ಲಿ ಮುಳ್ಳುಗಳುಳ್ಳ ಎರಡು ಉರುಳೆಗಳು ಎದುರುಬದುರಾಗಿ ನಿಧಾನವಾಗಿ ತಿರುಗಿ ಮಟ್ಟೆಯನ್ನು ಕಚ್ಚಿ ಕೆಳಕ್ಕೆಳೆದುಕೊಳ್ಳುತ್ತವೆ, ಕಾಯಿ ಮೇಲುಳಿಯುತ್ತದೆ. ಈ ಲೆಕ್ಕವನ್ನು ಅವರು ಕಾಗದದ ಮೇಲೆ ಮಾಡಲಿಲ್ಲ. ನೆಲದ ಮೇಲೆ ಇದ್ದಿಲಿನಿಂದ ಗೀಚಿ, ಕಾಲಿನಿಂದ ಅಳಿಸಿದರು.

ನಮ್ಮ ಕೊಬ್ಬರಿಯ ವಿಷಯ ತಿಳಿದವರಿಗೆ ಇದರ ಸೂಕ್ಷ್ಮ ಗೊತ್ತಾಗುತ್ತದೆ. ತಿಪಟೂರಿನ ಹೆಸರು ನಿಂತಿರುವುದು ಉಂಡೆ ಕೊಬ್ಬರಿಯಿಂದ. ಕಾಯಿಯನ್ನು ಮಟ್ಟೆಸಹಿತ ಅಟ್ಟದ ಮೇಲೆ ವರ್ಷದ ಹತ್ತಿರ ಇಟ್ಟು, ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಎನ್ನುವವರೆಗೆ ಕಾಯಬೇಕು. ಅವಸರದ ಯಂತ್ರ ಚಿಪ್ಪಿನೊಡನೆ ಉಂಡೆಯನ್ನೂ ಒಡೆದರೆ ವರ್ಷದ ಕಾಯುವಿಕೆ ಚೂರಿನ ಬೆಲೆಗೆ ಹೋಗುತ್ತದೆ. ಆದಕಾರಣ ಎರಡು ಉರುಳೆಗಳ ನಡುವಣ ಅಂತರ, ಮುಳ್ಳಿನ ಉದ್ದ, ಸುತ್ತಿನ ವೇಗ ಇವುಗಳನ್ನು ಅವರು ತಿಂಗಳುಗಟ್ಟಲೆ ತಿದ್ದಿದರು. ಕಾಯಿಗೆ ಒಂದು ಬಿರುಕು ಬೀಳದ ಹಾಗೆ ತಿದ್ದಿದರು.

ಇಷ್ಟು ಹೊಗಳಿದ ಮೇಲೆ ನನ್ನ ದೂರನ್ನೂ ಹೇಳಬೇಕು. ಬೆಲ್ಟಿಗೆ ಅವರು ಮರೆ ಹಾಕಿರಲಿಲ್ಲ.

ನನ್ನ ತಂದೆ ಕಾಯಿ ಸುಲಿಯುವ ಕೂಲಿ. ನೆಲದಲ್ಲಿ ನೆಟ್ಟ ಕಬ್ಬಿಣದ ಗೂಟಕ್ಕೆ ಕಾಯಿಯನ್ನು ಕುಕ್ಕಿ, ಮೈಯನ್ನೆಲ್ಲ ತಿರುಚಿ ಸುಲಿಯುವುದನ್ನು ನಾನು ಹುಟ್ಟಿದಾಗಿನಿಂದ ಕಂಡಿದ್ದೇನೆ. ಸಾವಿರದ ಲೆಕ್ಕದಲ್ಲಿ ಕೂಲಿ. ಯಂತ್ರ ಬಂದಾಗ ಕೆಲವರು ಗೊಣಗಿದರು. ತಂದೆ ಗೊಣಗಲಿಲ್ಲ, ಸೊಂಟ ಬದುಕಿತೆಂದರು. ಆ ಯಂತ್ರದ ಮುಂದೆಯೇ ಆಳಾಗಿ ನಿಂತರು. ನಾನು ಪ್ರಥಮ ಬಿ.ಎ.ಯಲ್ಲಿದ್ದಾಗ ಒಂದು ಸಂಜೆ ಮಟ್ಟೆಯ ನಾರು ಬೆಲ್ಟಿಗೆ ಸುತ್ತಿಕೊಂಡಿತೆಂದು ಕಿತ್ತುಹಾಕಲು ಹೋದರು. ಎಡಗೈಯ ಎರಡು ಬೆರಳುಗಳ ತುದಿ ಹೋಯಿತು. ಯಂತ್ರದವರು ಆಸ್ಪತ್ರೆಯ ಖರ್ಚನ್ನು ಕೊಟ್ಟರು, ದಿನವೂ ಬಂದು ಕುಳಿತರು. ಅವರ ಕಣ್ಣಲ್ಲಿ ನೀರಿತ್ತು. ತಂದೆ ಎಲ್ಲರಿಗೂ ಹೇಳಿದ್ದು ಒಂದೇ ಮಾತು: “ತಪ್ಪು ನನ್ನದೇ, ಇಂಜಿನ್ನು ನಿಲ್ಲಿಸಬೇಕಾಗಿತ್ತು.” ಈ ಮಾತನ್ನು ಒಪ್ಪಲು ನನ್ನಿಂದ ಇಂದಿಗೂ ಆಗಿಲ್ಲ. ಡೀಸೆಲ್ ಇಂಜಿನ್ನನ್ನು ನಿಲ್ಲಿಸಿ ಮತ್ತೆ ಹಿಡಿಕೆ ತಿರುಗಿಸಿ ಎಬ್ಬಿಸುವುದೇನೆಂದು ಬಲ್ಲವರು ಬಲ್ಲರು. ಲಾರಿ ಕಾಯುತ್ತಿರುವಾಗ ಒಂದು ಎಳೆ ನಾರಿಗಾಗಿ ಯಾರು ಅದನ್ನು ನಿಲ್ಲಿಸುತ್ತಾರೆ?

ಕೊಬ್ಬರಿಗೆ ಬಿರುಕು ಬೀಳಬಾರದೆಂದು ತಿಂಗಳುಗಟ್ಟಲೆ ಯೋಚಿಸಿದ ಅದೇ ಬುದ್ಧಿ ಬೆರಳಿನ ವಿಷಯದಲ್ಲಿ ಒಂದು ದಿನವೂ ಏಕೆ ಯೋಚಿಸಲಿಲ್ಲ? ಆತ ದುಷ್ಟನಲ್ಲ, ಜಿಪುಣನೂ ಅಲ್ಲ. ನನಗೆ ಕಾರಣ ಹೊಳೆದದ್ದು ತೀರ ಬೇರೆಯ ಒಂದು ಸಂದರ್ಭದಲ್ಲಿ.

ಕಳೆದ ವರ್ಷ ನಮ್ಮ ಊರಿನ ಕೆಲವು ಹುಡುಗರು ಗುಜರಿಗೆ ಹೋಗಬೇಕಾಗಿದ್ದ ಹಳೆಯ ಟಿವಿಎಸ್ ಮೊಪೆಡ್ಡಿನ ಇಂಜಿನ್ನನ್ನು ತಂದು, ನೀರಿನ ಕೊಳಾಯಿಯನ್ನು ಬೆಸೆದು, ನಾಲ್ಕು ಚಕ್ರದ ಪುಟ್ಟ ಓಟದ ಬಂಡಿಯೊಂದನ್ನು ಮಾಡಿದರು. ಪಟ್ಟಣದ ಹುಡುಗರು ಇದನ್ನು ಗೋ-ಕಾರ್ಟ್ ಎನ್ನುತ್ತಾರೆ. ಇದರ ಹುಟ್ಟೂ ನಮ್ಮ ಕೊಟ್ಟಿಗೆಯ ಕತೆಯಂತೆಯೇ ಇದೆ: 1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗೆಲ್ಸ್ ಎಂಬಾತ, ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ತಯಾರಾಗಿ ಮಿಕ್ಕುಳಿದಿದ್ದ ಸಣ್ಣ ಇಂಜಿನ್ನಿನಿಂದ ಮೊದಲನೆಯದನ್ನು ಮಾಡಿದ. ನಮ್ಮ ಹುಡುಗರ ಬಂಡಿ ರಾಗಿ ಕೊಯ್ದ ಹೊಲದಲ್ಲಿ ಓಡಿತು. ಮೊದಲ ದಿನ ಅದಕ್ಕೆ ಬ್ರೇಕು ಇರಲಿಲ್ಲ. ಮಾಡಿದವನೇ ಹೋಗಿ ಬದುವಿಗೆ ಗುದ್ದಿ ಹಲ್ಲು ಸಡಿಲಿಸಿಕೊಂಡ. ಎರಡನೆಯ ದಿನ ಬ್ರೇಕು ಬಂತು. ಮೂರನೆಯ ದಿನ ಸರಪಳಿಗೆ ಮರೆಯೂ ಬಂತು. (ಅದೇ ಮೊಪೆಡ್ ಇಂಜಿನ್ನನ್ನು ಸೌದೆ ಸೀಳಲು ಹೂಡೋಣವೆಂದು ಒಬ್ಬ ಹೊರಟಿದ್ದ. ನಿಂತಲ್ಲಿ ನಿಂತರೆ ಅದು ಕಾಯ್ದು ಹಿಡಿದುಕೊಳ್ಳುತ್ತದೆ, ಏಕೆಂದರೆ ಅದನ್ನು ತಣಿಸುವುದು ಓಟದ ಗಾಳಿ. ಅಲ್ಲದೆ ಹೊರೆಗೆ ತಕ್ಕಂತೆ ವೇಗವನ್ನು ಹಿಡಿದಿಡುವ ಗವರ್ನರು ಅದಕ್ಕಿಲ್ಲ. ಎಲ್ಲ ಇಂಜಿನ್ನೂ ಎಲ್ಲ ಕೆಲಸಕ್ಕೂ ಒಗ್ಗುವುದಿಲ್ಲ.)

ಬಂಟ್ವಾಳ ತಾಲ್ಲೂಕು ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ಸಣ್ಣ ಪೆಟ್ರೋಲ್ ಇಂಜಿನ್ನಿನಿಂದ ಅಡಿಕೆ ಮರ ಏರುವ ಯಂತ್ರವನ್ನು ಮಾಡಿದ್ದು 2019ರಲ್ಲಿ ದೇಶಕ್ಕೆಲ್ಲ ತಿಳಿಯಿತು. ಅದರಲ್ಲಿ ಕೂರಲು ಆಸನವಿದೆ, ಮೈಗೆ ಕಟ್ಟಿಕೊಳ್ಳಲು ಪಟ್ಟಿಯಿದೆ, ಬ್ರೇಕಿದೆ. ಏಕೆ? ಅದನ್ನು ಮಾಡಿದವರೇ ಅದರ ಮೇಲೆ ಕುಳಿತು ಮರ ಹತ್ತಿದರು. ಕೆಳಗೆ ನಿಂತು ಇನ್ನೊಬ್ಬನನ್ನು ಹತ್ತಿಸುವ ಯಂತ್ರವಾಗಿದ್ದರೆ ಏನಾಗುತ್ತಿತ್ತೋ ನನಗೆ ಸಂಶಯ. ತನ್ನ ಮೈ ಇರುವ ಕಡೆ ಮಾಡುವವನ ಬುದ್ಧಿ ತಾನೇ ಹೋಗುತ್ತದೆ. ನಮ್ಮ ಕೊಟ್ಟಿಗೆಯ ಯಂತ್ರದ ಎದುರು ನಿಲ್ಲುವುದು ಮಾಡಿದವನ ಮೈಯಲ್ಲ, ಕೂಲಿಯವನ ಮೈ.

ಇದು ನಮ್ಮ ಊರಿನದೊಂದೇ ಮಾತಲ್ಲ. ಹಿಂದೆ ಉತ್ತರ ಭಾರತದಲ್ಲಿ ಗೋಧಿ ಒಕ್ಕುವ ಯಂತ್ರಗಳು ಹಳ್ಳಿಹಳ್ಳಿಗೆ ಬಂದಾಗ ಎಷ್ಟೋ ಕೂಲಿಗಳ ಕೈಗಳು ಹೋದುವು. ಅದರ ಫಲವಾಗಿ 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನು ಮಾಡಿತು. ಗಾಯಗೊಂಡ ಕೂಲಿಗೆ ಪರಿಹಾರವನ್ನೂ ಅದು ಹೇಳುತ್ತದೆ. ಆದರೆ ಅದರ ದೃಷ್ಟಿ ಮುಖ್ಯವಾಗಿ ಕಾರ್ಖಾನೆಯಲ್ಲಿ ತಯಾರಾಗಿ ಅಂಗಡಿಯಲ್ಲಿ ಮಾರಾಟವಾಗುವ ಒಕ್ಕುವ ಯಂತ್ರದ ಮೇಲೆ. ಇದ್ದಿಲಿನ ಗೀಟಿನಿಂದ ಹುಟ್ಟಿದ ಯಂತ್ರಕ್ಕೆ ಹೆಸರಿಲ್ಲ, ನಂಬರಿಲ್ಲ. ಅದನ್ನು ಹುಡುಕಿಕೊಂಡು ಯಾವ ಅಧಿಕಾರಿ ಬರಬೇಕು? ಬಂದರೂ ಇಂಥ ಯಂತ್ರಗಳನ್ನು ನಿಲ್ಲಿಸಿಬಿಡಲಿ ಎಂದು ನಾನು ಹೇಳಲಾರೆ. ತಂದೆ ಮತ್ತೆ ಗೂಟಕ್ಕೆ ಹೋಗಬೇಕಾದೀತು.

ಆದ್ದರಿಂದ ಕೆಲಸ ನಮ್ಮ ಮೇಲೆ, ಕಲಾ ವಿಭಾಗದ ವಿದ್ಯಾರ್ಥಿಗಳ ಮೇಲೆ ಬರುತ್ತದೆಂದು ನನ್ನ ಅಭಿಪ್ರಾಯ. ನಮಗೆ ಬೆಸುಗೆ ಬಾರದು, ಬರೆಯಲು ಬರುತ್ತದೆ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಹುಣಿಸೆ ಬೀಜ ಬೇರ್ಪಡಿಸುವ ಯಂತ್ರ ಮೊದಲಾದುವನ್ನು ಮಾಡಿ 2022ರಲ್ಲಿ ಪದ್ಮಶ್ರೀ ಪಡೆದರು. ಅವರ ಕೆಲಸ ಹತ್ತು ಜನರ ಕಣ್ಣಿಗೆ ಬಿತ್ತು. ನಮ್ಮ ಹೋಬಳಿಯವರದು ಬಿದ್ದಿಲ್ಲ. ಯಾವ ಗಾಲಿಗೆ ಯಾವ ಗಾಲಿ, ಮುಳ್ಳಿನ ಅಂತರವೆಷ್ಟು, ಯಾವುದು ಮುರಿಯಿತು, ಯಾರ ಕೈ ಎಲ್ಲಿ ಸಿಕ್ಕಿತು ಎಂಬುದೆಲ್ಲ ಒಬ್ಬರ ತಲೆಯಲ್ಲಿದ್ದು ಅವರೊಡನೆಯೇ ಹೋಗುತ್ತದೆ. ಪಕ್ಕದ ಊರಿನವನು ಮೊದಲಿನಿಂದ ಆರಂಭಿಸುತ್ತಾನೆ, ಮೊದಲಿನಿಂದ ಬೆರಳು ಕಳೆಯುತ್ತಾನೆ. ನಾವು ಕ್ಷೇತ್ರಕಾರ್ಯವೆಂದು ಹಳೆಯ ಶಾಸನಗಳ ಅಚ್ಚು ತೆಗೆಯಲು ಹೋಗುವಂತೆ, ಒಂದು ರಜೆಯಲ್ಲಿ ಇಂಥ ಕೊಟ್ಟಿಗೆಗಳಿಗೆ ಹೋಗಿ ಅಳತೆ ತೆಗೆದು ನಕ್ಷೆ ಬರೆದು ಕಾಲೇಜಿನ ಪುಸ್ತಕ ಭಂಡಾರದಲ್ಲಿ ಏಕೆ ಇಡಬಾರದು? ಬರೆಯುವವನು ಬೆಲ್ಟಿನ ಬಳಿಗೆ ಬಂದಾಗ “ಇಲ್ಲಿ ಮರೆ ಏನು ಹಾಕಿದ್ದೀರಿ?” ಎಂದು ಕೇಳಲೇಬೇಕಾಗುತ್ತದೆ. ಆ ಪ್ರಶ್ನೆಯನ್ನು ಕೂಲಿಯವನು ಕೇಳಿದರೆ ಮರುದಿನ ಅವನಿಗೆ ಕೆಲಸ ಇರುತ್ತದೋ ಇಲ್ಲವೋ. ಪುಸ್ತಕ ಹಿಡಿದ ಹುಡುಗ ಕೇಳಿದರೆ ಬೇಸರವಾದೀತೇ ಹೊರತು ಯಾರ ಅನ್ನವೂ ಹೋಗದು.

ನಮ್ಮೂರಿನ ಯಂತ್ರಕ್ಕೆ ಈಗ ಮರೆಯಿದೆ. ಅಡುಗೆ ಎಣ್ಣೆಯ ಎರಡು ಡಬ್ಬಗಳನ್ನು ಕತ್ತರಿಸಿ, ತಟ್ಟಿ, ನಾಲ್ಕು ಬೋಲ್ಟು ಬಿಗಿದದ್ದು. ಅರ್ಧ ದಿನದ ಕೆಲಸವಾಯಿತಂತೆ. ಈ ರಜೆಯಲ್ಲಿ ನಾನೊಬ್ಬನೇ ಸೈಕಲ್ಲಿನಲ್ಲಿ ಹೋಗಿ ಸುತ್ತಿನ ಮೂರು ಕೊಟ್ಟಿಗೆಗಳ ಅಳತೆ ಬರೆದುಕೊಂಡು ಬಂದೆ. ಎರಡರಲ್ಲಿ ಮರೆ ಇರಲಿಲ್ಲ. ಒಬ್ಬರು ಆಗಲೇ ತಗಡು ಹುಡುಕಲು ಒಳಗೆ ಹೋದರು. ಇನ್ನೊಬ್ಬರು, ಈ ಸಲದ ಕಾಯಿ ಮುಗಿಯಲಿ, ಆಮೇಲೆ ನೋಡೋಣ ಎಂದರು. ಅವರಲ್ಲಿಗೆ ಮುಂದಿನ ಭಾನುವಾರ ಮತ್ತೆ ಹೋಗಬೇಕು.